ಫೌಸ್ಟ್ ಮಾಸಿತು, ಕಾರ್ಮೆನ್ ಉಳಿದಳು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಮಂದಿರ 1883ರ ಅಕ್ಟೋಬರ್ 22ರಂದು ಮೊದಲ ಸಲ ಬಾಗಿಲು ತೆರೆದಾಗ ಅಲ್ಲಿ ಆಡಿದ್ದು ಶಾರ್ಲ್ ಗುನೊನ ‘ಫೌಸ್ಟ್’. ಆ ಆಯ್ಕೆ ಯಾರಿಗೂ ಅಚ್ಚರಿ ತಂದಿರಲಾರದು. 1859ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದ ಆ ಕೃತಿ, ಫ್ರೆಂಚ್ ಒಪೆರಾ ಎಂದರೆ ಇದೇ ಎನ್ನುವಷ್ಟು ಹೆಸರು ಗಳಿಸಿತ್ತು. ಅದಕ್ಕೂ ಮೊದಲು ಆ ಪಟ್ಟ ಮೇಯರ್‌ಬೇರನ ‘ಲೆ ಯುಗ್‌ನೊ’ಗೆ ಸೇರಿತ್ತು. 1836ರ ಆ ಕೃತಿ ಪ್ಯಾರಿಸ್ ಒಪೆರಾದಲ್ಲಿ ಸಾವಿರ ಪ್ರಯೋಗ ಮುಟ್ಟಿದ ಮೊದಲನೆಯದು. ಇವತ್ತು ‘ಯುಗ್‌ನೊ’ ಎಲ್ಲಾದರೂ ಆಡಿದರೆ ಅದೇ ಒಂದು ಸುದ್ದಿ. ‘ಫೌಸ್ಟ್’ ಇನ್ನೂ ಆಡುತ್ತದೆ, ಹಳೆಯ ಗತ್ತು ಇಲ್ಲ. ಇವೆರಡರ ಮುಂದೆ ಅಂದು ಕಿರಿಯಳಂತಿದ್ದ, ಮೊದಲ ಊರಿನಲ್ಲೇ ಮುಖಭಂಗ ಕಂಡಿದ್ದ ‘ಕಾರ್ಮೆನ್’ ಮಾತ್ರ ವರ್ಷವರ್ಷವೂ ‘ಲಾ ತ್ರಾವಿಯಾತಾ’, ‘ಮ್ಯಾಜಿಕ್ ಫ್ಲೂಟ್’ಗಳ ಜೊತೆ ಜಗತ್ತಿನ ಒಪೆರಾ ಪಟ್ಟಿಗಳ ಮೇಲಿನ ಸಾಲಿನಲ್ಲಿ ಕೂತಿದ್ದಾಳೆ.

ಏಕೆ ಎಂಬುದಕ್ಕೆ ನೂರೈವತ್ತು ವರ್ಷಗಳಿಂದ ಉತ್ತರಗಳು ಬರುತ್ತಲೇ ಇವೆ. ಅವುಗಳನ್ನು ಸಾಲಾಗಿ ಇಟ್ಟು ನೋಡುವುದು ಈ ಲೇಖನದ ಕೆಲಸ. ಒಂದು ಒರೆಗಲ್ಲನ್ನು ಮಾತ್ರ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ: ಕಾರ್ಮೆನ್ ಏಕೆ ಉಳಿದಳು ಎನ್ನುವ ಯಾವ ವಿವರಣೆಯೇ ಆಗಲಿ, ಉಳಿದವು ಏಕೆ ಸೊರಗಿದವು ಎಂಬುದನ್ನೂ ಹೇಳಬೇಕು. ಹಾಗೆ ಹೇಳಲಾರದ್ದು ಹೊಗಳಿಕೆಯಷ್ಟೇ ಆದೀತು.

ಕಥೆ ತಿಳಿಯದವರಿಗಾಗಿ ಎರಡು ಮಾತು. ಸ್ಪೇನಿನ ಸೆವಿಲ್ ಪಟ್ಟಣ. ತಂಬಾಕು ಕಾರ್ಖಾನೆಯಲ್ಲಿ ದುಡಿಯುವ ಜಿಪ್ಸಿ ಹೆಣ್ಣು ಕಾರ್ಮೆನ್ ಜಗಳದಲ್ಲಿ ಇನ್ನೊಬ್ಬಳಿಗೆ ಚಾಕು ಹಾಕುತ್ತಾಳೆ. ಸೆರೆಗೆ ಒಯ್ಯಬೇಕಿದ್ದ ಸೈನಿಕ ಡಾನ್ ಜೋಸೆ ಅವಳಿಗೆ ಮನಸೋತು ಬಿಟ್ಟುಬಿಡುತ್ತಾನೆ, ತಾನೇ ಸೆರೆಮನೆ ಸೇರುತ್ತಾನೆ, ಕೊನೆಗೆ ಸೈನ್ಯ ಬಿಟ್ಟು ಅವಳ ಕಳ್ಳಸಾಗಣೆಯ ಗುಂಪು ಸೇರುತ್ತಾನೆ. ಅವಳ ಮನಸ್ಸು ಗೂಳಿಕಾಳಗದ ವೀರ ಎಸ್ಕಮಿಯೊನತ್ತ ತಿರುಗುತ್ತದೆ. ಕಾಳಗದ ಅಂಕಣದ ಹೊರಗೆ ಜೋಸೆ ಅವಳನ್ನು ಇರಿದು ಕೊಲ್ಲುತ್ತಾನೆ.

1875ರ ಸೋಲನ್ನು ಬಿಡಿಸಿ ನೋಡಿದರೆ

ಮೂಲ ಕಥೆ ಪ್ರೊಸ್ಪೆ ಮೆರಿಮೆಯದು, 1845ರದು. 1830ರಲ್ಲಿ ಸ್ಪೇನ್ ಸುತ್ತಿದ್ದ ಮೆರಿಮೆಗೆ ಅದರ ಎಳೆ ಸಿಕ್ಕಿದ್ದು ಮೊಂತಿಹೊ ಕೌಂಟೆಸ್ ಹೇಳಿದ ಒಂದು ಘಟನೆಯಿಂದ. ಈಕೆಯ ಮಗಳು ಯೂಜೆನಿಯೇ ಮುಂದೆ ಫ್ರಾನ್ಸಿನ ಸಾಮ್ರಾಜ್ಞಿಯಾದಳು. ಮೆರಿಮೆಯ ಪುಸ್ತಕದಲ್ಲಿ ಕಾರ್ಮೆನ್ ನಮಗೆ ನೇರವಾಗಿ ಕಾಣುವುದೇ ಕಡಿಮೆ. ಗಲ್ಲಿಗೇರಲಿರುವ ಜೋಸೆ ಒಬ್ಬ ವಿದ್ವಾಂಸನಿಗೆ ಹೇಳಿದ್ದನ್ನು ಆ ವಿದ್ವಾಂಸ ನಮಗೆ ಹೇಳುತ್ತಾನೆ. ಅವಳಿಗೊಬ್ಬ ಗಂಡನೂ ಇದ್ದಾನೆ, ಅವನನ್ನೂ ಜೋಸೆಯೇ ಕೊಲ್ಲುತ್ತಾನೆ.

ಇದನ್ನು ಜಾರ್ಜ್ ಬಿಝೆ ಒಪೆರಾ ಮಾಡಹೊರಟದ್ದು ಪ್ಯಾರಿಸ್ಸಿನ ಒಪೆರಾ-ಕೊಮಿಕ್ ರಂಗಮಂದಿರಕ್ಕೆ. ಹಾಡುಗಳ ನಡುವೆ ಮಾತು ಬರುವ ಪ್ರಕಾರ ಅಲ್ಲಿಯದು. ಹೆಸರಿನಲ್ಲಿ ‘ಕೊಮಿಕ್’ ಇದ್ದರೂ ನಗೆನಾಟಕವೇ ಆಗಬೇಕೆಂದಿರಲಿಲ್ಲ, ಆದರೆ ಅದು ಸಂಸಾರಸ್ಥರ ಜಾಗ. ಮದುವೆಗೆ ಬಂದ ಗಂಡು ಹೆಣ್ಣುಗಳನ್ನು ಪರಸ್ಪರ ತೋರಿಸಲು ಮನೆಯವರು ಬಾಕ್ಸ್ ಕಾಯ್ದಿರಿಸುತ್ತಿದ್ದ ಮಂದಿರ. ಅಲ್ಲಿನ ಇಬ್ಬರು ನಿರ್ದೇಶಕರಲ್ಲಿ ಒಬ್ಬನಾದ ಅಡಾಲ್ಫ್ ದ ಲ್ಯೂವೆನ್, ವೇದಿಕೆಯ ಮೇಲೆ ಸಾವು ಬೇಡವೆಂದು ಗೋಗರೆದ. 1874ರ ಆರಂಭದಲ್ಲಿ ಅವನು ಹುದ್ದೆ ಬಿಟ್ಟದ್ದಕ್ಕೆ ಈ ಜಗಳವೂ ಒಂದು ಕಾರಣ. ಸಾಹಿತ್ಯ ಬರೆದ ಆನ್ರಿ ಮೇಯಾಕ್ ಮತ್ತು ಲ್ಯುಡೊವಿಕ್ ಅಲೆವಿ ಆಫೆನ್‌ಬಾಕನ ಲಘು ಒಪೆರಾಗಳಲ್ಲಿ ಪಳಗಿದ ಜೋಡಿ. ಅವರು ಗಂಡನನ್ನು ತೆಗೆದರು, ಹಳ್ಳಿಯ ಸಾಧ್ವಿ ಮಿಕಾಯೆಲಾಳನ್ನು ಹೊಸದಾಗಿ ತಂದರು, ಕಳ್ಳಸಾಗಣೆಯವರಿಗೆ ಸ್ವಲ್ಪ ಹಾಸ್ಯ ಕೊಟ್ಟರು. ಕೊನೆಯ ಕೊಲೆಯನ್ನು ಮಾತ್ರ ಬಿಝೆ ಬಿಟ್ಟುಕೊಡಲಿಲ್ಲ. ಸಾಲಾಗಿ ನಿಂತು ಹಾಡಿ ಅಭ್ಯಾಸವಿದ್ದ ಕೋರಸ್ಸಿನ ಹೆಂಗಸರಿಗೆ ಇಲ್ಲಿ ಸಿಗರೇಟು ಸೇದುತ್ತ, ಕಿತ್ತಾಡುತ್ತ ಹಾಡಬೇಕಾಗಿ ಬಂದು ತಾಲೀಮಿನಲ್ಲೂ ಗೊಣಗಾಟ.

1875ರ ಮಾರ್ಚ್ 3ರಂದು ಮೊದಲ ಪ್ರಯೋಗ. ಅಂದು ಬೆಳಿಗ್ಗೆಯಷ್ಟೇ ಬಿಝೆಗೆ ಲೀಜನ್ ಆಫ್ ಆನರ್ ಗೌರವ ಘೋಷಣೆಯಾಗಿತ್ತು. ರಾತ್ರಿಯ ಪ್ರೇಕ್ಷಕರು ಅಂಕದಿಂದ ಅಂಕಕ್ಕೆ ತಣ್ಣಗಾಗುತ್ತ ಹೋದರು. ಮರುದಿನದ ಪತ್ರಿಕೆಗಳಲ್ಲಿ ಎರಡು ದೂರುಗಳು: ನಾಯಕಿ ನಾಚಿಕೆಗೆಟ್ಟವಳು, ಸಂಗೀತ ಜರ್ಮನಿಯ ವಾಗ್ನರನದರಂತೆ ಭಾರ. ಪ್ರಷ್ಯಾದೆದುರು ಸೋತು ನಾಲ್ಕೇ ವರ್ಷವಾಗಿದ್ದ ಪ್ಯಾರಿಸ್ಸಿನಲ್ಲಿ ಎರಡನೆಯದೂ ಬೈಗುಳವೇ. ಮೂರು ತಿಂಗಳ ಮೇಲೆ, ಜೂನ್ 3ರಂದು ಬೂಜಿವಾಲ್‌ನಲ್ಲಿ ಹೃದಯಾಘಾತದಿಂದ ಬಿಝೆ ತೀರಿಕೊಂಡ. ಮೂವತ್ತಾರು ವರ್ಷ.

ಸೋಲು ಅವನ ಎದೆ ಒಡೆಯಿತು ಎನ್ನುವ ಕಥೆ ಇಲ್ಲಿಂದ ಹುಟ್ಟಿತು, ಒಪೆರಾ ಪ್ರಿಯರಿಗೆ ಅದು ಬಲು ಇಷ್ಟ. ವಾಸ್ತವದಲ್ಲಿ ಅವನು ಸಾಯುವ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಪ್ರಯೋಗ ನಡೆದಿತ್ತು, ಆಮೇಲೂ ನಡೆಯಿತು. ಕುರ್ಚಿಗಳು ತುಂಬಲಿಲ್ಲ, ನಿಜ. ಆದರೆ ಬಿದ್ದುಹೋದ ಕೃತಿಗೆ ಯಾವ ಮಂದಿರವೂ ಅಷ್ಟು ರಾತ್ರಿಗಳನ್ನು ಕೊಡುವುದಿಲ್ಲ. ‘ಅರ್ಥವಾಗದೆ ಸತ್ತ ಪ್ರತಿಭೆ’ ಎಂಬ ದಂತಕಥೆಯೂ ಮುಂದೆ ಟಿಕೆಟ್ ಮಾರಿತು ಎಂಬುದನ್ನು ಜನಪ್ರಿಯತೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ವಿಯೆನ್ನಾದ ಸುತ್ತು ದಾರಿ

ಕಾರ್ಮೆನ್ ಗೆದ್ದದ್ದು ಪ್ಯಾರಿಸ್ಸಿನ ಹೊರಗೆ. 1875ರ ಅಕ್ಟೋಬರ್ 23ರಂದು ವಿಯೆನ್ನಾದಲ್ಲಿ ಆಡುವಾಗ ಮಾತಿನ ಕೆಲವು ಭಾಗಗಳ ಜಾಗದಲ್ಲಿ ಬಿಝೆಯ ಗೆಳೆಯ ಅರ್ನೆಸ್ಟ್ ಗಿರೊ ಬರೆದ ಹಾಡಿನ ಸಂಭಾಷಣೆಗಳು ಬಂದವು. ಇದು ಸಣ್ಣ ಬದಲಾವಣೆಯಲ್ಲ. ಫ್ರೆಂಚಿನಲ್ಲಿ ಸಲೀಸಾಗಿ ಮಾತಾಡಬಲ್ಲ ನಟರಿಲ್ಲದ ಊರುಗಳಲ್ಲೂ, ಯಾವ ಭಾಷೆಯಲ್ಲೂ, ದೊಡ್ಡ ಮಂದಿರಗಳಲ್ಲೂ ಕೃತಿ ನಡೆಯುವಂತಾಯಿತು. 1878ರಲ್ಲಿ ಮಿನ್ನಿ ಹಾಕ್ ಎಂಬ ಗಾಯಕಿ ಕಾರ್ಮೆನ್ ಆಗಿ ಲಂಡನ್, ನ್ಯೂಯಾರ್ಕ್‌ಗಳನ್ನು ಗೆದ್ದಳು. ಬ್ರಾಮ್ಸ್ ಇಪ್ಪತ್ತು ಸಲ ನೋಡಿದನೆಂದು ಹೇಳುತ್ತಾರೆ. ಚೈಕಾವ್‌ಸ್ಕಿ 1880ರಲ್ಲಿ ತನ್ನ ಪೋಷಕಿ ನದೆಜ್ದಾ ಫಾನ್ ಮೆಕ್‌ಗೆ ಬರೆದ ಪತ್ರದಲ್ಲಿ, ಹತ್ತು ವರ್ಷದಲ್ಲಿ ಇದು ಜಗತ್ತಿನ ಅತ್ಯಂತ ಜನಪ್ರಿಯ ಒಪೆರಾ ಆಗುತ್ತದೆ ಎಂದು ಭವಿಷ್ಯ ನುಡಿದ.

ಪ್ಯಾರಿಸ್ ಮತ್ತೆ ಕರೆದದ್ದು 1883ರ ಏಪ್ರಿಲ್‌ನಲ್ಲಿ, ಅದೂ ಅಂಜುತ್ತ. ಕಳ್ಳಸಾಗಣೆಯವರು ಸೇರುವ ಹೆಂಡದಂಗಡಿಯ ದೃಶ್ಯವನ್ನು ಮರ್ಯಾದಸ್ಥರ ಜಾಗದಂತೆ ತೊಳೆದಿಟ್ಟಿದ್ದರು. ಜನ ಆ ಅಂಜಿಕೆಯನ್ನು ಒಪ್ಪಲಿಲ್ಲ, ವರ್ಷ ಮುಗಿಯುವುದರೊಳಗೆ ಮೊದಲ ಕಾರ್ಮೆನ್ ಸೆಲೆಸ್ಟಿನ್ ಗಾಲಿ-ಮಾರಿಯೆಯನ್ನೇ ವಾಪಸು ಕರೆಸಬೇಕಾಯಿತು. 1904ಕ್ಕೆ ಅದೇ ಒಪೆರಾ-ಕೊಮಿಕ್‌ನಲ್ಲಿ ಸಾವಿರ ಪ್ರಯೋಗ. ಪ್ಯಾರಿಸ್ ಒಪೆರಾದ ಗಾರ್ನಿಯೆ ಅರಮನೆಗೆ ಅವಳು ಕಾಲಿಟ್ಟದ್ದು ಮಾತ್ರ 1959ರಲ್ಲಿ.

ಈ ಇತಿಹಾಸವನ್ನೇ ಉತ್ತರ ಎನ್ನುವವರಿದ್ದಾರೆ: ಸರಿಯಾದ ಹೊತ್ತಿಗೆ ಸಾಗಿಸಲು ಅನುಕೂಲವಾದ ರೂಪ, ಪಾತ್ರವನ್ನು ಹೊತ್ತು ತಿರುಗಿದ ಗಾಯಕಿಯರು. ಇದು ಹರಡಿದ್ದನ್ನು ವಿವರಿಸುತ್ತದೆ, ಉಳಿದದ್ದನ್ನಲ್ಲ. ‘ಫೌಸ್ಟ್’ ಕೂಡ ಮಾತು ತೆಗೆದು ಹಾಡು ಸೇರಿಸಿಕೊಂಡೇ ಊರೂರು ಸುತ್ತಿತ್ತು.

ಸಂಗೀತವೇ ಸಾಕು ಎನ್ನುವವರು

ಇದು ಹಳೆಯ ಮತ್ತು ಬಲವಾದ ಪಂಥ. ಇದರ ಗದ್ದಲದ ವಕೀಲ ನೀಷೆ. 1881ರ ನವೆಂಬರಿನಲ್ಲಿ ಜಿನೋವಾದಲ್ಲಿ ಕಾರ್ಮೆನ್ ಕೇಳಿದ ಅವನು 1888ರ ‘ವಾಗ್ನರ್ ಪ್ರಕರಣ’ ಪುಸ್ತಕವನ್ನು ಈ ಒಪೆರಾದ ಹೊಗಳಿಕೆಯಿಂದಲೇ ಶುರುಮಾಡುತ್ತಾನೆ. ಉತ್ತರದ ಮಂಜಿಗೆ ಮದ್ದಾಗಿ ದಕ್ಷಿಣದ ಬಿಸಿಲು, ಬೆವರದೆ ನಡೆಯುವ ಹಗುರ ಸಂಗೀತ, ಕರುಣೆಯ ಬಣ್ಣ ಬಳಿಯದ ಪ್ರೇಮ. ಆದರೆ ಅದೇ ವರ್ಷದ ಡಿಸೆಂಬರಿನ ಪತ್ರವೊಂದರಲ್ಲಿ, ಬಿಝೆಯ ಬಗ್ಗೆ ತಾನು ಹೇಳಿದ್ದನ್ನು ತುಂಬ ಗಂಭೀರವಾಗಿ ತೆಗೆದುಕೊಳ್ಳಬೇಡ, ಅದು ವಾಗ್ನರನಿಗೆ ಎದುರಾಗಿ ಇಟ್ಟ ವ್ಯಂಗ್ಯದ ಕಾಯಿ ಎಂದೂ ಬರೆದ. ಕಾರ್ಮೆನ್ ಬಗೆಗಿನ ಪುಸ್ತಕಗಳಲ್ಲಿ ಮೊದಲ ಮಾತು ಬಂದಷ್ಟು ಸಲ ಎರಡನೆಯದು ಬರುವುದಿಲ್ಲ.

ನೀಷೆಯನ್ನು ಬಿಟ್ಟು ಸ್ವರಗಳಿಗೇ ಬರೋಣ. ಕಾರ್ಮೆನ್‌ಳ ಪ್ರವೇಶದ ಹಬನೇರಾ ಅರ್ಧ ಸ್ವರಗಳಲ್ಲಿ ಜಾರುತ್ತ ಇಳಿಯುತ್ತದೆ, ಕೆಳಗೆ ಚೆಲ್ಲೊಗಳು ಅದೇ ಲಯವನ್ನು ಕದಲದೆ ಹಿಡಿದಿರುತ್ತವೆ. ಮೇಲಿನ ಜಾರು, ಕೆಳಗಿನ ಬಿಗಿ, ಇಡೀ ಹಾಡು ಈ ಎಳೆದಾಟದ್ದು. ಅದು ಬಿಝೆಯ ಸ್ವಂತದ್ದೂ ಅಲ್ಲ. ಮೊದಲು ಬರೆದುಕೊಟ್ಟ ಹಾಡು ಗಾಲಿ-ಮಾರಿಯೆಗೆ ಹಿಡಿಸದಾಗ, ಜನಪದವೆಂದು ಭಾವಿಸಿ ಅವನು ಎತ್ತಿಕೊಂಡ ಮಟ್ಟು ಸೆಬಾಸ್ಟಿಯನ್ ಇರಾದಿಯೆರ್ ಎಂಬ ಸ್ಪೇನಿನ ಸಂಗೀತಗಾರನದು. ತಿಳಿದ ಮೇಲೆ ಮುದ್ರಿತ ಪ್ರತಿಯಲ್ಲಿ ಆ ಋಣ ನಮೂದಾಯಿತು. ಇನ್ನು ವಿಧಿಯ ಎಳೆ: ಮುನ್ನುಡಿಯ ವಾದ್ಯದ ಅಬ್ಬರ ನಿಂತೊಡನೆ ಕೆಳಸ್ಥಾಯಿಯಲ್ಲಿ ಕೇಳುವ ಐದು ಸ್ವರಗಳ ತುಣುಕು. ಅದರ ಇರಿತವೆಲ್ಲ ಇರುವುದು ಒಂದು ಅಗಲವಾದ ಸ್ವರಾಂತರದಲ್ಲಿ. ಮಾಯಾಮಾಳವಗೌಳದ ಸರಳೆ ಹಾಡಿದವರಿಗೆ ಅದು ಹೊಸದಲ್ಲ, ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ದಾಟುವ ಜಿಗಿತವೇ ಅದು. ನಮಗೆ ಬೆಳಗಿನ ಪಾಠದಲ್ಲಿ ಪ್ರಸನ್ನವಾಗಿ ಕೇಳುವ ಆ ಅಂತರ ಪ್ಯಾರಿಸ್ಸಿನ ಕಿವಿಗೆ ಪರದೇಶದ್ದಾಗಿಯೂ ಅಪಶಕುನದ್ದಾಗಿಯೂ ಕೇಳಿತು.

ಕೊನೆಯ ದೃಶ್ಯ ಈ ಪಂಥದ ಗಟ್ಟಿ ಸಾಕ್ಷಿ. ಮುಂದೆ ಇಬ್ಬರೇ, ಬೇಡುವವನು ಮತ್ತು ಒಲ್ಲೆನೆನ್ನುವವಳು. ಗೋಡೆಯಾಚೆ ಕಾಳಗದ ಜನ, ಎಸ್ಕಮಿಯೊಗೆ ಜಯಕಾರ. ಪ್ರತಿ ಸಲ ಒಳಗಿನಿಂದ ಹರ್ಷ ಎದ್ದಾಗಲೂ ಹೊರಗಿನ ಮಾತು ಇನ್ನೊಂದು ಹೆಜ್ಜೆ ಕೊಲೆಯತ್ತ ಸರಿಯುತ್ತದೆ. ವಿವರಣೆಯ ಒಂದು ಸಾಲಿಲ್ಲದೆ ಎರಡು ಕೊಲೆಗಳನ್ನು ಏಕಕಾಲಕ್ಕೆ ನಡೆಸುವ ಈ ಕಟ್ಟಣೆಯನ್ನು ವಿಂಟನ್ ಡೀನ್‌ನಂಥ ಬಿಝೆ ತಜ್ಞರು ಒಪೆರಾ ರಂಗದ ಶಿಖರಗಳಲ್ಲಿ ಎಣಿಸುತ್ತಾರೆ, ನನಗೂ ಬೇರೆ ಅಭಿಪ್ರಾಯವಿಲ್ಲ. ಮುಂದೆ ‘ಕವಲೇರಿಯಾ ರುಸ್ತಿಕಾನಾ’ (1890), ‘ಪಾಲ್ಯಾಚಿ’ (1892) ಹಿಡಿದ ಬಡವರ ಬೀದಿಯ ವಾಸ್ತವಕ್ಕೆ ದಾರಿ ತೆರೆದದ್ದೂ ಇದೇ. ಗುನೊ ಕೂಡ ಮಧುರವಾಗಿ ಬರೆದ. ಆದರೆ ‘ಫೌಸ್ಟ್’ನಲ್ಲಿ ಹಾಡಿಗಾಗಿ ಕಥೆ ಕಾಯುತ್ತ ನಿಲ್ಲುತ್ತದೆ, ಇಲ್ಲಿ ಹಾಗೆ ನಿಲ್ಲುವುದು ಮಿಕಾಯೆಲಾ ಬಂದಾಗ ಮಾತ್ರ. ಒರೆಗಲ್ಲಿಗೆ ಈ ಉತ್ತರ ಬಹುಮಟ್ಟಿಗೆ ನಿಲ್ಲುತ್ತದೆ. ನಿಲ್ಲದಿರುವುದು ಒಂದು ಕಡೆ: ಶ್ರೇಷ್ಠ ಸಂಗೀತವಿದ್ದೂ ಪಂಡಿತರ ಬಾಯಲ್ಲಿ ಮಾತ್ರ ಬದುಕಿರುವ ಒಪೆರಾಗಳು ಸಾಕಷ್ಟಿವೆ.

ಸ್ಪೇನ್ ಎಂಬ ಸರಕು

ಎರಡನೆಯ ಪಂಥ ಗೆಲುವನ್ನು ಪರದೇಶದ ಮೋಹಕ್ಕೆ ಸಲ್ಲಿಸುತ್ತದೆ. ಬಿಝೆ ಸ್ಪೇನ್ ನೋಡಿದವನಲ್ಲ. ಇರಾದಿಯೆರ್‌ನಿಂದ ಒಂದು, ನಾಲ್ಕನೆಯ ಅಂಕದ ಮುನ್ನುಡಿಗೆ ಮನುಯೆಲ್ ಗಾರ್ಸಿಯಾನ ‘ಪೊಲೊ’ ಹಾಡಿನ ಗುಂಗು, ಉಳಿದದ್ದು ಬಹುಮಟ್ಟಿಗೆ ಕಲ್ಪನೆ. ಎಡ್ವರ್ಡ್ ಸಯೀದ್‌ರ ‘ಓರಿಯಂಟಲಿಸಂ’ (1978) ಬಂದ ಮೇಲೆ ಸಂಗೀತ ವಿದ್ವಾಂಸರು, ಮುಖ್ಯವಾಗಿ ರಾಲ್ಫ್ ಲಾಕ್, ಈ ಕಣ್ಣಿನಿಂದ ಒಪೆರಾಗಳನ್ನು ತಿರುಗಿ ಓದಿದರು. ಪ್ಯಾರಿಸ್ಸಿನ ಮಧ್ಯಮ ವರ್ಗ ತನ್ನ ಮನೆಯಲ್ಲಿ ಬಿಡಲಾರದ ಬಿಡುಬೀಸನ್ನು ಪಿರೆನೀಸ್ ಬೆಟ್ಟದಾಚೆಯ ಜಿಪ್ಸಿಯಲ್ಲಿಟ್ಟು ನೋಡಿತು, ಕೊನೆಗೆ ಅವಳನ್ನು ಕೊಂದು ಹಗುರಾಗಿ ಮನೆಗೆ ಹೋಯಿತು ಎಂಬುದು ಈ ವಾದದ ಒರಟು ರೂಪ. ಕಾರ್ಮೆನ್ ಎರಡು ಪಟ್ಟು ಹೊರಗಿನವಳು, ಸ್ಪೇನಿನಲ್ಲೂ ಪರಕೀಯಳಾದ ರೋಮಾ ಹೆಣ್ಣು. ಮೆರಿಮೆ 1847ರಲ್ಲಿ ತನ್ನ ಕಥೆಗೆ ರೋಮಾ ಜನರ ಬಗ್ಗೆ ಅಧ್ಯಾಯವನ್ನೇ ಸೇರಿಸಿದ. ಅವರ ನುಡಿಯ ಬೇರು ಭಾರತದಲ್ಲಿದೆ ಎಂಬುದು ಆ ಕಾಲಕ್ಕೇ ಗೊತ್ತಿದ್ದ ಸಂಗತಿ.

ವಾದ ಆಕರ್ಷಕವಾದದ್ದೇ. ಆದರೆ ಇದನ್ನು ಪರೀಕ್ಷಿಸಲು ನಮ್ಮ ದೇಶದ ಹೆಸರಿನಲ್ಲೇ ಒಂದು ಸಾಮಗ್ರಿ ಇದೆ. ಕಾರ್ಮೆನ್ ಮರಳಿ ಬಂದ 1883ರ ಏಪ್ರಿಲ್ 21ಕ್ಕೆ ಸರಿಯಾಗಿ ಒಂದು ವಾರ ಮೊದಲು ಅದೇ ವೇದಿಕೆಯಲ್ಲಿ ಲಿಯೊ ದೆಲಿಬನ ‘ಲಕ್ಮೆ’ ಮೊದಲ ಪ್ರಯೋಗ ಕಂಡಿತು. ಭಾರತ, ನೀಲಕಂಠನೆಂಬ ಬ್ರಾಹ್ಮಣ ಪುರೋಹಿತ, ಅವನ ಮಗಳು, ಅವಳನ್ನು ಮೋಹಿಸುವ ಬ್ರಿಟಿಷ್ ಅಧಿಕಾರಿ, ಕೊನೆಗೆ ಉಮ್ಮತ್ತಿ ಎಲೆ ತಿಂದು ಅವಳ ಸಾವು. ಪರದೇಶದ ಬಣ್ಣಕ್ಕೇ ಬೆಲೆಯಿದ್ದರೆ ಗೆಲ್ಲಬೇಕಾದದ್ದು ಇದು. ಜನ ಇಂದು ನೆನಪಿಡುವುದು ಅದರ ಒಂದು ಯುಗಳಗೀತೆಯನ್ನು. ಬಿಝೆ ತಾನೇ 1863ರಲ್ಲಿ ಸಿಂಹಳದ ಕಡಲ ದಂಡೆಯಲ್ಲಿ ಬ್ರಹ್ಮನ ಪೂಜಾರಿಣಿಯನ್ನಿಟ್ಟು ‘ಮುತ್ತು ಹೆಕ್ಕುವವರು’ ಬರೆದಿದ್ದ, ಅದಕ್ಕೂ ಅದೇ ಗತಿ, ಒಂದು ಯುಗಳಗೀತೆ. ಪರದೇಶದ ಬಣ್ಣ ಮೊದಲ ಸಲ ಟಿಕೆಟ್ ಕೊಳ್ಳುವಂತೆ ಮಾಡೀತು. ಐವತ್ತನೆಯ ವರ್ಷಕ್ಕೆ ಅದು ಸಾಲದು.

ಸ್ಪೇನ್ ಈ ಚಿತ್ರವನ್ನು ಸಿಡುಕಿನಿಂದಲೇ ನೋಡಿತು, ಪ್ರವಾಸಿಗರಿಗಾಗಿ ಮಾಡಿದ ಅಗ್ಗದ ಸ್ಪೇನ್ ಎಂದಿತು. ಹಾಗಿದ್ದೂ ಸೆವಿಲ್‌ನ ಗೂಳಿಕಾಳಗದ ಅಂಕಣದೆದುರು ಕಾರ್ಮೆನ್ ಪ್ರತಿಮೆ ನಿಂತಿದೆ, ಹಳೆಯ ತಂಬಾಕು ಕಾರ್ಖಾನೆ ವಿಶ್ವವಿದ್ಯಾಲಯದ ಕಟ್ಟಡವಾಗಿದೆ. 1983ರಲ್ಲಿ ಕಾರ್ಲೋಸ್ ಸೌರಾ, ನರ್ತಕ ಅಂತೊನಿಯೊ ಗಾದೆಸ್‌ರ ಜೊತೆ ಮಾಡಿದ ಸಿನಿಮಾ ಈ ಸಿಡುಕಿಗೆ ಸಿಕ್ಕ ಜಾಣ ಉತ್ತರ. ಫ್ಲಾಮೆಂಕೊ ತಂಡವೊಂದು ಕಾರ್ಮೆನ್ ತಾಲೀಮು ಮಾಡುತ್ತ ಮಾಡುತ್ತ ಕಥೆಯೊಳಗೇ ಸಿಕ್ಕಿಬೀಳುತ್ತದೆ. ಫ್ರೆಂಚರ ಸ್ಪೇನನ್ನು ಸ್ಪೇನಿನವರೇ ತಿರುಗಿ ತಮ್ಮದು ಮಾಡಿಕೊಂಡ ಪರಿ ಇದು.

ಇದು ಯಾರ ದುರಂತ?

ಮೂರನೆಯ ಪಂಥ ಅತ್ಯಂತ ಬಿಸಿಯದು. ಫ್ರೆಂಚ್ ಲೇಖಕಿ ಕ್ಯಾಥರೀನ್ ಕ್ಲೆಮಾನ್ 1979ರಲ್ಲಿ, ಒಪೆರಾ ಎಂಬುದೇ ಹೆಣ್ಣುಗಳನ್ನು ಸೊಗಸಾಗಿ ಸಾಯಿಸುವ ಯಂತ್ರ, ರಾಗದ ಮರೆಯಲ್ಲಿ ನಾವು ಕೊಲೆಗೆ ಚಪ್ಪಾಳೆ ಹೊಡೆಯುತ್ತೇವೆ ಎಂದರು. ಸಂಗೀತ ವಿದ್ವಾಂಸೆ ಸೂಸನ್ ಮೆಕ್ಲಾರಿ 1990ರ ದಶಕದ ಆರಂಭದಲ್ಲಿ ಅದನ್ನು ಸ್ವರಗಳಲ್ಲಿ ತೋರಿಸಿದರು. ಕಾರ್ಮೆನ್‌ಳ ಜಾರುವ ಅರ್ಧ ಸ್ವರಗಳು ಕಿವಿಯಲ್ಲಿ ಒಂದು ಅಸ್ಥಿರತೆ ಎಬ್ಬಿಸುತ್ತವೆ, ಅದು ತಣಿಯಬೇಕಾದರೆ ಅವಳು ಸಾಯಬೇಕು, ಹೀಗೆ ಸಂಗೀತವೇ ಕೇಳುಗನನ್ನು ಕೊಲೆಗಾರನ ಪಕ್ಷಕ್ಕೆ ತಂದು ನಿಲ್ಲಿಸುತ್ತದೆ ಎಂಬುದು ಅವರ ನಿಲುವು.

ಎದುರು ಪಕ್ಷದ ಮಾತೂ ತೂಕದ್ದೇ. ಜೋಸೆಗೆ ಬಿಝೆ ಮಧುರವಾದ ಹೂವಿನ ಹಾಡು ಕೊಟ್ಟ, ಘನತೆ ಕೊಡಲಿಲ್ಲ. ಕೊನೆಗೆ ಅವನು ಬೇಡುತ್ತಾನೆ, ಬೆದರಿಸುತ್ತಾನೆ, ಕೊಲ್ಲುತ್ತಾನೆ, ನನ್ನನ್ನು ಹಿಡಿಯಿರಿ ಎನ್ನುತ್ತಾನೆ. ಓಡಿಹೋಗಬಹುದಿತ್ತೆಂದು ಗೊತ್ತಿದ್ದೂ ನಿಂತವಳು ಅವಳೊಬ್ಬಳೇ. ಹಾಗಾಗಿ ಇದು ಹೆಣ್ಣಿನ ಸ್ವಾತಂತ್ರ್ಯದ ಒಪೆರಾ ಎನ್ನುತ್ತಾರೆ. 2018ರಲ್ಲಿ ಫ್ಲಾರೆನ್ಸ್‌ನ ಮಾಜ್ಜೊ ಮುಸಿಕಾಲೆ ಮಂದಿರದಲ್ಲಿ ನಿರ್ದೇಶಕ ಲಿಯೊ ಮುಸ್ಕಾತೊ ಈ ಜಗಳವನ್ನು ನೇರ ಕೊನೆಗಾಣಿಸಲು ಹೊರಟರು. ಕಾರ್ಮೆನ್ ಸಾಯುವುದಿಲ್ಲ, ಜೋಸೆಯ ಪಿಸ್ತೂಲು ಕಿತ್ತು ಅವನಿಗೇ ಗುಂಡು ಹಾರಿಸುತ್ತಾಳೆ. ಮೊದಲ ರಾತ್ರಿ ಪಿಸ್ತೂಲು ಹಾರಲಿಲ್ಲ, ಅವನು ಸುಮ್ಮನೆ ಬಿದ್ದು ಸತ್ತ. ವಿಮರ್ಶೆ ಬರೆಯುವವರಿಗೆ ಇಂಥ ಭಾಗ್ಯ ದಿನವೂ ಬರುವುದಿಲ್ಲ.

ಈ ಎರಡು ಓದುಗಳೂ ಒಂದು ಸಂಗತಿಯನ್ನು ದಾಟಿಹೋಗುತ್ತವೆ. ಕಾರ್ಮೆನ್ ಹಾಡುವುದೆಲ್ಲ ಹೆಚ್ಚುಕಡಿಮೆ ಯಾರದೋ ಮುಂದೆ ಹಾಡಿ ತೋರಿಸುವ ಹಾಡು: ಹಬನೇರಾ, ಸೆಗಿದಿಯಾ, ಜಿಪ್ಸಿ ಕುಣಿತ. ಜೋಸೆ, ಮಿಕಾಯೆಲಾ ಮನಸ್ಸು ಬಿಚ್ಚುತ್ತಾರೆ, ಅವಳು ಬಿಚ್ಚುವುದಿಲ್ಲ. ತನ್ನ ಸಾವನ್ನು ಇಸ್ಪೀಟೆಲೆಗಳಲ್ಲಿ ಕಾಣುವ ಒಂದೇ ದೃಶ್ಯದಲ್ಲಿ ಒಳದನಿ ಕೇಳುತ್ತದೆ, ಅಲ್ಲೂ ಸಿಗುವುದು ಒಪ್ಪಿಗೆ, ಕಾರಣವಲ್ಲ. ಅವಳು ಪ್ರೀತಿಸಿದಳೇ, ಆಡಿದಳೇ, ಸಾವನ್ನು ಬಯಸಿದಳೇ ಎಂಬುದನ್ನು ಕೃತಿ ಹೇಳದೆ ಬಿಡುತ್ತದೆ. ‘ಫೌಸ್ಟ್’ನ ಮಾರ್ಗರೀಟಳ ಬಗ್ಗೆ ಕೇಳಲು ಇಂಥ ಪ್ರಶ್ನೆ ಉಳಿದಿಲ್ಲ, ಅವಳು ಮೋಸಹೋದಳು, ಪಶ್ಚಾತ್ತಾಪಪಟ್ಟಳು, ಉದ್ಧಾರವಾದಳು. ಧರ್ಮದ ಆ ಚೌಕಟ್ಟು ಸಡಿಲವಾದಂತೆ ಅವಳೂ ಸಡಿಲವಾದಳು. ಕಾರ್ಮೆನ್‌ಗೆ ಸಡಿಲವಾಗಲು ಚೌಕಟ್ಟೇ ಇರಲಿಲ್ಲ. ನನ್ನ ಮಟ್ಟಿಗೆ, ಸಂಗೀತದ ಬಿಗಿಗೆ ಈ ಖಾಲಿ ಜಾಗವನ್ನು ಸೇರಿಸಿದರೆ ಮಾತ್ರ ಉಳಿವಿನ ಲೆಕ್ಕ ಹೊಂದುತ್ತದೆ.

ಎತ್ತಿ ಎಲ್ಲಿಟ್ಟರೂ

ರೂಪಾಂತರಗಳ ಪಟ್ಟಿ ಈ ಖಾಲಿ ಜಾಗಕ್ಕೇ ಸಾಕ್ಷಿ. 1915ರಲ್ಲೇ ಸೆಸಿಲ್ ಬಿ. ಡಿಮಿಲ್ ಮೂಕಿ ಚಿತ್ರ ಮಾಡಿದ, ಒಪೆರಾ ಗಾಯಕಿ ಜೆರಾಲ್ಡೀನ್ ಫರಾರ್ ಅದರಲ್ಲಿ ದನಿಯಿಲ್ಲದೆ ನಟಿಸಿದಳು. ಚಾಪ್ಲಿನ್ ಕೂಡಲೇ ಅಣಕಿಸಿದ. 1943ರಲ್ಲಿ ಆಸ್ಕರ್ ಹ್ಯಾಮರ್‌ಸ್ಟೈನ್ ಕಥೆಯನ್ನು ಅಮೆರಿಕದ ಕಪ್ಪು ಜನರ ನಡುವೆ, ಪ್ಯಾರಾಚೂಟ್ ಕಾರ್ಖಾನೆಗೆ ಒಯ್ದು ‘ಕಾರ್ಮೆನ್ ಜೋನ್ಸ್’ ಮಾಡಿದ. 1954ರ ಅದರ ಸಿನಿಮಾದಿಂದ ಡೊರೊತಿ ಡ್ಯಾಂಡ್ರಿಜ್ ಶ್ರೇಷ್ಠ ನಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಕಪ್ಪು ಮಹಿಳೆಯಾದಳು, ಆದರೆ ಹಾಡಿನ ದನಿ ಬಿಳಿಯ ಗಾಯಕಿ ಮೆರಿಲಿನ್ ಹಾರ್ನ್‌ಳದು. 1967ರಲ್ಲಿ ರೊದಿಯೋನ್ ಶ್ಚೆದ್ರಿನ್ ತನ್ನ ಹೆಂಡತಿ ಮಾಯಾ ಪ್ಲಿಸೆತ್ಸ್ಕಾಯಾಳಿಗಾಗಿ ಮಾಡಿದ ಬ್ಯಾಲೆಯ ಸಂಗೀತ ಸೋವಿಯತ್ ಅಧಿಕಾರಿಗಳನ್ನು ಕೆರಳಿಸಿತು. 1981ರಲ್ಲಿ ಪೀಟರ್ ಬ್ರೂಕ್ ಪ್ಯಾರಿಸ್ಸಿನ ಬೂಫ್ ದ್ಯು ನಾರ್ ಮಂದಿರದಲ್ಲಿ ಕೋರಸ್ಸು, ಮೆರವಣಿಗೆ ಎಲ್ಲ ಕಿತ್ತು ಕೆಲವೇ ಪಾತ್ರಗಳಿಗೆ ಇಳಿಸಿದ. ದಕ್ಷಿಣ ಆಫ್ರಿಕದ ಖಯೆಲಿತ್ಶಾದಲ್ಲಿ ಕೋಸಾ ಭಾಷೆಯಲ್ಲಿ ಹಾಡಿದ ಸಿನಿಮಾ 2005ರಲ್ಲಿ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ ಪ್ರಶಸ್ತಿ ಗೆದ್ದಿತು. ಮರಿಯಾ ಕ್ಯಾಲಸ್‌ಳ ಕಾರ್ಮೆನ್ ಎಂದರೆ 1964ರ ಧ್ವನಿಮುದ್ರಣ ಮಾತ್ರ, ವೇದಿಕೆಯ ಮೇಲೆ ಅವಳು ಆ ಪಾತ್ರ ಮಾಡಲೇ ಇಲ್ಲ. ಆ ದನಿ ಸಾಕಾಯಿತು.

ಇದರಿಂದ ಒಂದು ಒಣ ಪಂಥವೂ ಹುಟ್ಟಿದೆ, ನಾನು ಅದನ್ನು ಕಡೆಗಣಿಸಲಾರೆ. ಅದರ ಪ್ರಕಾರ ಜನಪ್ರಿಯವಾಗಿರುವುದು ಒಪೆರಾ ಅಲ್ಲ, ಅದರ ನಾಲ್ಕೈದು ಮಟ್ಟುಗಳು. ಜಾಹೀರಾತು, ಕಾರ್ಟೂನುಗಳಲ್ಲಿ ಕೇಳಿ ಪರಿಚಯವಾದ ಹಬನೇರಾ, ಟೊರೆಯಡೋರ್ ಹಾಡುಗಳು ಹೊಸಬರ ಭಯ ಕಳೆಯುತ್ತವೆ, ಮಂದಿರಗಳು ಖಾಲಿ ಕುರ್ಚಿಗೆ ಹೆದರಿ ಪ್ರತಿ ಋತುವಿನಲ್ಲೂ ಅದನ್ನೇ ಇಡುತ್ತವೆ. ಇಟ್ಟದ್ದರಿಂದ ಪರಿಚಯ, ಪರಿಚಯದಿಂದ ಟಿಕೆಟ್. 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಒಪೆರಾ ಸಂಸ್ಥೆ ತಂಬಾಕು ವಿರೋಧಿ ಪ್ರಾಯೋಜಕತ್ವದ ಕಾರಣದಿಂದ ಕಾರ್ಮೆನ್ ಕೈಬಿಡಹೊರಟು, ನಗೆಪಾಟಲಾಗಿ ಹಿಂದೆ ಸರಿಯಿತು. ಹಿಂಸೆಯ ಬಗ್ಗೆ ಇಲ್ಲದ ಸಂಕೋಚ ಸಿಗರೇಟಿನ ಬಗ್ಗೆ!

ಇತ್ಯರ್ಥವಾಗದವು

ಮೊದಲನೆಯದು ಈ ವೃತ್ತವೇ. ಅದು ಒಮ್ಮೆ ತಿರುಗತೊಡಗಿದ ಮೇಲೆ ಕೃತಿಯ ಗುಣವನ್ನೂ ವ್ಯವಹಾರದ ರೂಢಿಯನ್ನೂ ಬೇರ್ಪಡಿಸುವ ದಾರಿ ಯಾರಿಗೂ ಸಿಕ್ಕಿಲ್ಲ.

ಎರಡನೆಯದು ರೋಮಾ ಜನರ ಪ್ರಶ್ನೆ. ಹೆಣ್ಣಿನ ಪರವಾಗಿ ಕೊನೆಯನ್ನು ಬದಲಿಸಿದ ನಿರ್ದೇಶಕರಿದ್ದಾರೆ. ಆದರೆ ಕಳವು, ಕಣಿ, ಕುಣಿತಗಳಿಂದಲೇ ಗುರುತಿಸಲ್ಪಟ್ಟ ಸಮುದಾಯವೊಂದರ ಚಿತ್ರವನ್ನು ಸಂಗೀತ ಕೆಡದಂತೆ ಹೇಗೆ ತಿದ್ದುವುದು, ತಿದ್ದಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಕಥೆಯನ್ನು ಬೇರೆ ದೇಶಕ್ಕೆ ಎತ್ತಿಕೊಂಡು ಹೋದಾಗ ಆ ಪ್ರಶ್ನೆ ಬಗೆಹರಿಯುವುದಿಲ್ಲ, ತಪ್ಪಿಸಿಕೊಳ್ಳುತ್ತದೆ.

ಮೂರನೆಯದು ಯಾವುದು ಕಾರ್ಮೆನ್ ಎಂಬುದು. ಗಿರೊನ ಹಾಡಿನ ಸಂಭಾಷಣೆ ಇರುವ ರೂಪ ಸುಮಾರು ಒಂದು ಶತಮಾನ ರಾಜ್ಯವಾಳಿತು. 1964ರಲ್ಲಿ ಫ್ರಿಟ್ಸ್ ಓಸರ್ ಹಳೆಯ ಹಸ್ತಪ್ರತಿ ಹಾಳೆಗಳನ್ನು ಜಾಲಾಡಿ ಮಾತಿನ ಭಾಗಗಳನ್ನೂ, ಕೈಬಿಟ್ಟಿದ್ದ ಸಂಗೀತದ ತುಣುಕುಗಳನ್ನೂ ತಿರುಗಿ ಸೇರಿಸಿದ ಆವೃತ್ತಿ ತಂದ. ವಿಂಟನ್ ಡೀನ್ ಅದರ ಮೇಲೆ ಹರಿಹಾಯ್ದರು, ಬಿಝೆ ತಾಲೀಮಿನಲ್ಲಿ ಬೇಕೆಂದೇ ತೆಗೆದುಹಾಕಿದ್ದನ್ನು ಸಂಪಾದಕ ಮತ್ತೆ ತುಂಬಿದ್ದಾನೆಂದು. 2023ರಲ್ಲಿ ರೂಅಂ ನಗರದ ಒಪೆರಾ 1875ರ ರಂಗವಿನ್ಯಾಸವನ್ನೇ ಮರುಸೃಷ್ಟಿಸಹೊರಟಿತು. ಆದರೆ ಹಾಳೆಗಳಲ್ಲಿ ಕಾಣುವ ಕತ್ತರಿ ಗುರುತುಗಳಲ್ಲಿ ಯಾವುದು ಸಂಗೀತಗಾರನ ತೀರ್ಮಾನ, ಯಾವುದು ಸುಸ್ತಾದ ಕೋರಸ್ಸಿಗೂ ಹೆದರಿದ ಆಡಳಿತಕ್ಕೂ ಮಣಿದದ್ದು ಎಂಬುದರ ಬಗ್ಗೆ ಸಂಪಾದಕರು ಇನ್ನೂ ಜಗಳವಾಡುತ್ತಿದ್ದಾರೆ. ಬಿಝೆ ಬದುಕಿದ್ದಾಗಲೇ ಅಚ್ಚಿಗೆ ಹೋದ ಹಾಡು-ಪಿಯಾನೊ ಪ್ರತಿಯೇ ಅವನ ಕೊನೆಯ ಮಾತು ಎನ್ನುವವರು ಒಂದು ಕಡೆ, ಇನ್ನೂ ತಿದ್ದುತ್ತಿದ್ದವನ ನಡುವಿನ ನಿಲ್ದಾಣವಷ್ಟೇ ಅದು ಎನ್ನುವವರು ಇನ್ನೊಂದು ಕಡೆ.